ವೆಸೂವಿಯಸ್ಸಿನ ಶಿಖರದ ಹಾದಿ

ಇಟಲಿ ದೇಶದ ನೇಪಲ್ಸ್ ನಗರದ ಕಡಲದಂಡೆಯಲ್ಲಿ ನಿಂತು ಮೂಡಲಿಗೆ ಮುಖಮಾಡಿದವನ ಕಣ್ಣಿಗೆ ಎರಡು ತಲೆಗಳುಳ್ಳ ಬೆಟ್ಟವೊಂದು ಬೀಳುವುದು. ಎಡದ ತಲೆಗೆ ಸೊಮ್ಮ ಎಂದು ಹೆಸರು; ಅದು ಒಡೆದ ಗಡಿಗೆಯ ಅಂಚಿನಂತೆ ಅರ್ಧಚಂದ್ರಾಕಾರವಾಗಿ ಬಾಗಿ ನಿಂತಿರುವ ಹಳೆಯ ಬಂಡೆಗೋಡೆ. ಬಲದ ತಲೆಯೇ ವೆಸೂವಿಯಸ್. ಅದು ಆ ಗೋಡೆಯ ಮಡಿಲಿನಲ್ಲಿ ಬೂದಿಯೂ ಕಿಟ್ಟವೂ ರಾಶಿರಾಶಿಯಾಗಿ ಬಿದ್ದು ಬೆಳೆದ ಗೋಪುರ. ಇವೆರಡರ ನಡುವಣ ಕಣಿವೆಯನ್ನು ಅಲ್ಲಿಯ ಜನರು ಕುದುರೆಯಂಗಳವೆಂಬ ಅರ್ಥದ ಮಾತಿನಿಂದ ಕರೆಯುತ್ತಾರೆ. ಶಿಖರಕ್ಕೆ ಹೊರಟವರು ಕುದುರೆಗಳನ್ನು ಅಲ್ಲಿಯೇ ಬಿಟ್ಟು ಮುಂದಣ ಏರನ್ನು ಕಾಲ್ನಡೆಯಿಂದ ಹತ್ತಬೇಕಾಗಿದ್ದುದರಿಂದ ಈ ಹೆಸರು ಬಂದಿತು. ಬೆಟ್ಟದ ಎತ್ತರವು ಈಗ ಸುಮಾರು ೪,೨೦೦ ಅಡಿ. ‘ಈಗ’ ಎಂದು ಹೇಳಬೇಕಾದುದಕ್ಕೆ ಕಾರಣವುಂಟು. ದೊಡ್ಡ ಸ್ಫೋಟವಾದಾಗಲೆಲ್ಲ ಈ ಬೆಟ್ಟವು ತನ್ನ ತಲೆಯನ್ನು ತಾನೇ ಹಾರಿಸಿಕೊಂಡು ಗಿಡ್ಡವಾಗುವುದು. ಆಮೇಲೆ ವರ್ಷಗಟ್ಟಲೆ ಕಿಟ್ಟವನ್ನುಗುಳಿ ಮತ್ತೆ ಬೆಳೆಯುವುದು. ಆದುದರಿಂದ ನೂರು ವರ್ಷಗಳ ಅಂತರದಲ್ಲಿ ಇದರ ಶಿಖರವನ್ನು ಮುಟ್ಟಿದ ಇಬ್ಬರು ಒಂದೇ ಶಿಖರವನ್ನು ಮುಟ್ಟಿದವರಾಗಿರಲಾರರು.

ಇಂತಹ ಬೆಟ್ಟಕ್ಕೆ ಕನ್ನಡದಲ್ಲಿ ಜ್ವಾಲಾಮುಖಿಯೆಂದೂ ಅಗ್ನಿಪರ್ವತವೆಂದೂ ಎರಡು ಹೆಸರುಗಳು ಬಳಕೆಯಲ್ಲಿವೆ. ಜ್ವಾಲಾಮುಖಿಯೆಂಬುದು ಉತ್ತರದ ಕಾಂಗಡಾ ಸೀಮೆಯ ಒಂದು ದೇವೀಕ್ಷೇತ್ರದ ಹೆಸರೂ ಹೌದು. ಅಲ್ಲಿ ಬಂಡೆಯ ಬಿರುಕಿನಿಂದ ಹೊರಟು ಉರಿಯುವುದು ನೆಲದೊಳಗಿನ ಅನಿಲವೇ ಹೊರತು ಕರಗಿದ ಕಲ್ಲಲ್ಲ. ಗೊಂದಲಕ್ಕೆ ಎಡೆಯಿರದಂತೆ ಇಲ್ಲಿ ಅಗ್ನಿಪರ್ವತವೆಂಬ ಮಾತನ್ನೇ ಬಳಸಿದೆ.

ವೆಸೂವಿಯಸ್ಸನ್ನು ಹತ್ತಿದವರಲ್ಲಿ ರಾಯಭಾರಿಗಳಿದ್ದಾರೆ, ಕವಿಗಳಿದ್ದಾರೆ, ಪಾದ್ರಿಗಳಿದ್ದಾರೆ, ಶಾಸ್ತ್ರಜ್ಞರಿದ್ದಾರೆ. ಅವರ ಬರಹಗಳು ಯೂರೋಪಿನ ಪುಸ್ತಕ ಭಂಡಾರಗಳಲ್ಲಿ ಸಾಲುಗಟ್ಟಿ ನಿಂತಿವೆ. ಆದರೆ ಹತ್ತಿದವರು ಬರೆದರು, ಹತ್ತಿಸಿದವರು ಬರೆಯಲಿಲ್ಲ. ಬೆಟ್ಟದ ಬುಡದ ಹಳ್ಳಿಗಳಿಂದ ಬಂದು, ಸೊಂಟಕ್ಕೆ ತೊಗಲಿನ ಪಟ್ಟಿಯನ್ನು ಬಿಗಿದು, ಪರದೇಶದ ಪ್ರಭುಗಳನ್ನು ಬೂದಿಯ ಮೇಲೆ ಎಳೆದುಕೊಂಡು ಹೋದ ಜನರ ಹೆಸರು ಒಂದೆರಡು ಮಾತ್ರ ಉಳಿದುಬಂದಿವೆ. ಅಗ್ನಿಪರ್ವತದ ವಿಷಯದಲ್ಲಿ ಮನುಷ್ಯನು ಪಡೆದ ಜ್ಞಾನದಲ್ಲಿ ಇವರ ಪಾಲು ಎಷ್ಟೆಂಬುದನ್ನು ಪ್ರಭುಗಳ ಬರಹಗಳಿಂದಲೇ ಹೆಕ್ಕಿ ತೆಗೆಯಬೇಕಾಗಿದೆ.

ಪ್ರಾಚೀನರು ಈ ಬೆಟ್ಟವನ್ನು ಹತ್ತಿದಾಗ ಅದರೊಳಗೆ ಬೆಂಕಿಯಿದೆಯೆಂಬುದನ್ನು ಅರಿತಿರಲಿಲ್ಲ. ಕ್ರಿಸ್ತಪೂರ್ವ ೭೩ರಲ್ಲಿ ರೋಮನರ ದಾಸ್ಯದಿಂದ ತಪ್ಪಿಸಿಕೊಂಡ ಸ್ಪಾರ್ಟಕಸ್ಸನೂ ಅವನ ಸಂಗಡಿಗರೂ ಇಲ್ಲಿ ಬೀಡುಬಿಟ್ಟಿದ್ದರು. ಗ್ಲಾಬರನೆಂಬ ಅಧಿಕಾರಿಯು ಮೂರು ಸಾವಿರ ಮಂದಿಯೊಡನೆ ಬಂದು, ಇಳಿಯಲು ಇದ್ದ ಒಂದೇ ದಾರಿಯನ್ನು ಕಟ್ಟಿ ಕುಳಿತನು. ಮೇಲಿದ್ದವರು ಕಾಡುದ್ರಾಕ್ಷಿಯ ಬಳ್ಳಿಗಳನ್ನು ಹೆಣೆದು ಏಣಿಮಾಡಿ, ಯಾರೂ ಇಳಿಯಲಾರರೆಂದು ಶತ್ರುವು ನಂಬಿದ್ದ ಕಡಿದಾದ ಪಕ್ಕದಿಂದ ಇಳಿದು, ಹಿಂದಿನಿಂದ ಬಿದ್ದು ಅವನನ್ನು ಸೋಲಿಸಿದರೆಂದು ಪ್ಲುಟಾರ್ಕನು ಬರೆದಿದ್ದಾನೆ. ಭೂಗೋಳಕಾರನಾದ ಸ್ಟ್ರಾಬೋ ಎಂಬವನು ಮಾತ್ರ ಶಿಖರದ ಬಂಡೆಗಳು ಬೂದಿಯ ಬಣ್ಣದವಾಗಿ, ಬೆಂಕಿ ತಿಂದಂತೆ ತೂತುತೂತಾಗಿರುವುದನ್ನು ಗಮನಿಸಿ, ಇದು ಹಿಂದೊಮ್ಮೆ ಉರಿದು ಸೌದೆ ಮುಗಿದು ಆರಿಹೋದ ಒಲೆಯಿರಬೇಕೆಂದು ಊಹಿಸಿದನು. ಊಹೆಯ ಮೊದಲರ್ಧವು ನಿಜ. ಉಳಿದರ್ಧವು ಎಷ್ಟು ಸುಳ್ಳೆಂಬುದು ಅವನು ತೀರಿಕೊಂಡು ಹಲವು ದಶಕಗಳಾದ ಮೇಲೆ, ಕ್ರಿಸ್ತಶಕ ೭೯ರಲ್ಲಿ, ಪಾಂಪೇಯಿ ಮತ್ತು ಹರ್ಕುಲೇನಿಯಮ್ ಪಟ್ಟಣಗಳು ಬೂದಿಯಡಿಯಲ್ಲಿ ಹೂತುಹೋದಾಗ ತಿಳಿಯಿತು. ಹಿರಿಯ ಪ್ಲಿನಿಯು ಆ ಸ್ಫೋಟದಲ್ಲಿ ಸತ್ತುದು ಪ್ರಸಿದ್ಧವಾದ ಸಂಗತಿ. ಆದರೆ ಅವನು ಬೆಟ್ಟವನ್ನು ಹತ್ತಿದವನಲ್ಲ; ಹಡಗುಗಳೊಡನೆ ಜನರನ್ನು ಕಾಪಾಡಲು ಹೋಗಿ ಸ್ಟೇಬಿಯೆಯ ಕಡಲದಂಡೆಯಲ್ಲಿ ಪ್ರಾಣಬಿಟ್ಟವನು.

ಮಧ್ಯಯುಗದ ಸ್ಫೋಟಗಳ ವಿವರಗಳು ಅಲ್ಪವಾಗಿವೆ. ಕೊನೆಯಲ್ಲಿ ಬೆಟ್ಟವು ಎಷ್ಟು ದೀರ್ಘಕಾಲ ಮಲಗಿತೆಂದರೆ, ಅದರ ಕುಂಡದೊಳಗೇ ಮರಗಳು ಬೆಳೆದು, ದನಗಳು ಮೇಯಲು ಇಳಿಯುತ್ತಿದ್ದುವು. ೧೬೩೧ರ ಡಿಸೆಂಬರ್ ೧೬ರಂದು ಈ ಕಾಡೂ ಹುಲ್ಲುಗಾವಲೂ ಆಕಾಶಕ್ಕೆ ಹಾರಿದುವು. ಸತ್ತವರ ಸಂಖ್ಯೆಯು ಮೂರು ಸಾವಿರಕ್ಕೆ ಕಡಮೆಯಿಲ್ಲವೆಂದು ಎಣಿಸುತ್ತಾರೆ. ಅಂದಿನಿಂದ ೧೯೪೪ರವರೆಗೆ ಮುನ್ನೂರು ವರ್ಷಗಳಿಗೂ ಮಿಕ್ಕಿ ವೆಸೂವಿಯಸ್ ಪೂರ್ಣವಾಗಿ ಬಾಯಿ ಮುಚ್ಚಿದ್ದುದು ಅಪರೂಪ. ಬೆಂಕಿಯನ್ನು ನೋಡಲೆಂದೇ ಶಿಖರಕ್ಕೆ ಹೋಗುವ ಪದ್ಧತಿಯು ಈ ಕಾಲದಲ್ಲಿ ಬೆಳೆಯಿತು.

ಹಾಗೆ ಮೊದಮೊದಲು ಹೋದವರಲ್ಲಿ ಅಥನಾಸಿಯುಸ್ ಕಿರ್ಖರ್ ಎಂಬ ಜೆಸುಯಿಟ್ ಪಾದ್ರಿಯೊಬ್ಬನು. ೧೬೩೮ರ ಮಾರ್ಚಿಯಲ್ಲಿ ಕಲಾಬ್ರಿಯಾ ಪ್ರಾಂತದ ಭೂಕಂಪಕ್ಕೆ ಸಿಕ್ಕಿ ಬದುಕಿ ಬಂದ ಇವನು, ಭೂಮಿಯ ಒಡಲನ್ನು ಕಣ್ಣಾರೆ ಕಾಣಬೇಕೆಂದು ಹಟತೊಟ್ಟು ನೇಪಲ್ಸಿಗೆ ಬಂದನು. ಪೋರ್ತಿಚಿ ಎಂಬ ಊರಿನಲ್ಲಿ ದಾರಿಬಲ್ಲ ಒಬ್ಬ ಪ್ರಾಮಾಣಿಕ ಹಳ್ಳಿಗನನ್ನು ಕೂಲಿಗೆ ಗೊತ್ತುಮಾಡಿಕೊಂಡು ನಡುರಾತ್ರಿಯಲ್ಲಿ ಬೆಟ್ಟವೇರಿದನು. ಕುಂಡದ ಅಂಚಿನಲ್ಲಿ ಗಂಧಕದ ನಾತವನ್ನು ಕುಡಿಯುತ್ತ, ಒಳಗಿನ ಗರ್ಜನೆಯನ್ನು ಕೇಳುತ್ತ ನಿಂತಾಗ ನರಕದ ಬಾಗಿಲೇ ತೆರೆದಂತೆ ತೋರಿತೆಂದು ಬರೆದಿದ್ದಾನೆ. ಆದರೂ ಬೆಳಗಾಗುತ್ತಲೇ ಕುಂಡದೊಳಕ್ಕೆ ಇಳಿದು, ಒಂದು ಬಂಡೆಯ ಮೇಲೆ ಕಾಲೂರಿ, ತಾನು ತಂದಿದ್ದ ಯಂತ್ರದಿಂದ ಅದರ ಅಳತೆಯನ್ನು ತೆಗೆದುಕೊಂಡನು. ಭೂಗರ್ಭದ ಬೆಂಕಿಗಳೆಲ್ಲ ಒಂದಕ್ಕೊಂದು ಕಾಲುವೆಗಳಿಂದ ಕೂಡಿಕೊಂಡಿವೆಯೆಂದು ಮುಂದೆ ಅವನು ದೊಡ್ಡ ಗ್ರಂಥವನ್ನೇ ರಚಿಸಿದನು. ಆ ಸಿದ್ಧಾಂತವು ನಿಲ್ಲಲಿಲ್ಲ. ಒಮ್ಮೆ ನೋಡಿ ಇಡೀ ಭೂಮಂಡಲದ ಗುಟ್ಟನ್ನು ಬಿಡಿಸಿದವನ ಸಿದ್ಧಾಂತವು ನಿಲ್ಲದಿದ್ದುದರಲ್ಲಿ ಆಶ್ಚರ್ಯವೂ ಇಲ್ಲ. ಆ ಹಳ್ಳಿಗನ ಹೆಸರನ್ನು ಕಿರ್ಖರನು ಬರೆದಿಡಲಿಲ್ಲ.

ಒಮ್ಮೆ ನೋಡುವುದಕ್ಕೂ ನೂರು ಸಲ ನೋಡುವುದಕ್ಕೂ ಇರುವ ವ್ಯತ್ಯಾಸವನ್ನು ತೋರಿಸಿಕೊಟ್ಟವನು ವಿಲಿಯಮ್ ಹ್ಯಾಮಿಲ್ಟನ್. ಇವನು ೧೭೬೪ರಲ್ಲಿ ಬ್ರಿಟಿಷ್ ಸರಕಾರದ ಪ್ರತಿನಿಧಿಯಾಗಿ ನೇಪಲ್ಸಿನ ರಾಜಾಸ್ಥಾನಕ್ಕೆ ಬಂದು, ೧೮೦೦ರವರೆಗೆ ಅಲ್ಲಿಯೇ ಇದ್ದನು. ರಾಜಕಾರ್ಯವು ಹೆಚ್ಚಿಲ್ಲದ ಆ ಹುದ್ದೆಯಲ್ಲಿ ಬೇರೊಬ್ಬನಾಗಿದ್ದರೆ ಬೇಟೆಯಲ್ಲಿಯೂ ನರ್ತನ ಕೂಟಗಳಲ್ಲಿಯೂ ಕಾಲಹರಣ ಮಾಡುತ್ತಿದ್ದನು. ಹ್ಯಾಮಿಲ್ಟನ್ನನು ಅವುಗಳನ್ನೂ ಬಿಡಲಿಲ್ಲ. ಆದರೆ ಬೆಟ್ಟವನ್ನು ಹಿಡಿದನು. ಮೂವತ್ತು ವರ್ಷಗಳಲ್ಲಿ ಅರುವತ್ತಕ್ಕೂ ಹೆಚ್ಚು ಸಲ ಶಿಖರಕ್ಕೆ ಹೋದನು. ಪಕ್ಕದ ಇಳಿಜಾರುಗಳಲ್ಲಿ ಅಲೆದುದಕ್ಕೆ ಲೆಕ್ಕವೇ ಇಲ್ಲ. ೧೭೬೭ರ ಜುಲೈಯಿಂದ ಅಕ್ಟೋಬರಿನವರೆಗೆ ಕುಂಡದೊಳಗೆ ಚಿಕ್ಕದೊಂದು ಶಂಕುವು ಹುಟ್ಟಿ, ಬೆಳೆದು, ಅಂಚನ್ನು ಮೀರಿ ತಲೆಯೆತ್ತಿದುದನ್ನು ಅವನು ಮೇಲಿಂದಮೇಲೆ ಚಿತ್ರಿಸಿಟ್ಟನು. ಬೆಟ್ಟವು ಬೆಂಕಿಯನ್ನು ಹಡೆಯುವುದಲ್ಲ, ಬೆಂಕಿಯೇ ಬೆಟ್ಟವನ್ನು ಕಟ್ಟುವುದು ಎಂಬ ವಿಚಾರಕ್ಕೆ ಈ ಚಿತ್ರಮಾಲೆಯು ಸಾಕ್ಷಿಯಾಯಿತು. ಅಗ್ನಿಪರ್ವತವು ಕೇವಲ ನಾಶಮಾಡುವ ಶಕ್ತಿಯೆಂದು ಬಗೆದಿದ್ದ ಕಾಲಕ್ಕೆ ಇದು ಹೊಸ ಮಾತು. ಲಂಡನ್ನಿನ ರಾಯಲ್ ಸೊಸೈಟಿಗೆ ಅವನು ಬರೆದ ಪತ್ರಗಳಿಗೆ ೧೭೭೦ರಲ್ಲಿ ಆ ಸಂಸ್ಥೆಯ ಕೋಪ್ಲಿ ಪದಕವು ದೊರೆಯಿತು. ೧೭೭೬ರಲ್ಲಿ ಪಿಯೆತ್ರೊ ಫಾಬ್ರಿಸ್ ಎಂಬ ಚಿತ್ರಕಾರನ ಬಣ್ಣದ ಚಿತ್ರಗಳೊಡನೆ ಅವು ಗ್ರಂಥರೂಪವಾಗಿಯೂ ಹೊರಬಂದುವು.

ಈ ಜ್ಞಾನವು ಸುಖವಾಗಿ ಬಂದುದಲ್ಲ. ೧೭೬೭ರ ಅಕ್ಟೋಬರ್ ೧೯ರಂದು ಹ್ಯಾಮಿಲ್ಟನ್ನನು ಒಬ್ಬ ಹಳ್ಳಿಗನೊಡನೆ ಲಾವಾರಸದ ಹೊನಲನ್ನು ನೋಡುತ್ತಿದ್ದಾಗ ಬೆಟ್ಟದ ಪಕ್ಕವು ಬಿರಿದು ಕರಗಿದ ಕಲ್ಲಿನ ಬುಗ್ಗೆಯೊಂದು ಎದ್ದಿತು. ನೆಲವು ನಡುಗಿತು, ಹೊಗೆಯು ಕವಿಯಿತು. ಜೊತೆಗಿದ್ದವನು ಗಾಬರಿಗೊಂಡು ಓಟಕಿತ್ತನು. ರಾಯಭಾರಿಯು ಅವನ ಹಿಂದೆಯೇ ಓಡಿದನು. ಸುಮಾರು ಮೂರು ಮೈಲಿಗಳವರೆಗೆ ಇಬ್ಬರೂ ನಿಲ್ಲಲಿಲ್ಲ. ಹ್ಯಾಮಿಲ್ಟನ್ನನು ಇದನ್ನು ಮುಚ್ಚಿಡದೆ ಬರೆದಿರುವುದು ಮೆಚ್ಚತಕ್ಕದ್ದು. ಯಾವಾಗ ಓಡಬೇಕೆಂಬುದನ್ನು ಆ ದಿನ ನಿರ್ಧರಿಸಿದವನು ರಾಯಲ್ ಸೊಸೈಟಿಯ ಸದಸ್ಯನಲ್ಲ, ಹಳ್ಳಿಗನು.

ಮುಂದೆ ಹ್ಯಾಮಿಲ್ಟನ್ನನ ಸಂಗಡ ಸದಾ ಹೋಗುತ್ತಿದ್ದವನು ಬಾರ್ತೊಲೊಮೆಯೊ ಪೂಮೋ. ಇವನಿಗೆ ಒಂದೇ ಕಣ್ಣು. ಗ್ರೀಕರ ಪುರಾಣದ ಒಕ್ಕಣ್ಣ ದೈತ್ಯನ ಹೆಸರಿನಿಂದ ‘ವೆಸೂವಿಯಸ್ಸಿನ ಸೈಕ್ಲೋಪ್ಸ್’ ಎಂದು ಒಡೆಯನು ಅವನನ್ನು ವಿನೋದವಾಗಿ ಕರೆಯುತ್ತಿದ್ದನು. ೧೭೭೯ರ ಬೇಸಗೆಯಲ್ಲಿ ಒಂದು ದಿನ ಹ್ಯಾಮಿಲ್ಟನ್ನನೂ ಅವನ ದೇಶದ ಇನ್ನೊಬ್ಬನೂ ಬೆಟ್ಟದ ಮೇಲಿದ್ದಾಗ ಗಾಳಿಯು ತಿರುಗಿ, ಗಂಧಕದ ಹೊಗೆಯು ಅವರ ಮೇಲೆಯೇ ಹಾಯತೊಡಗಿತು. ಒಂದು ಕಡೆ ಉಸಿರುಕಟ್ಟಿಸುವ ಹೊಗೆ. ಇನ್ನೊಂದು ಕಡೆ ಐವತ್ತು ಅರುವತ್ತು ಅಡಿಯಗಲವಾಗಿ ಹರಿಯುತ್ತಿದ್ದ ಲಾವಾರಸ. ಅದರ ಮೇಲುಭಾಗವು ಆರಿ ಹೆಪ್ಪುಗಟ್ಟಿದ್ದಿತು, ಒಳಗಡೆ ಕೆಂಡವು ಚಲಿಸುತ್ತಿದ್ದಿತು. ಇದರ ಮೇಲೆಯೇ ನಡೆದು ದಾಟೋಣವೆಂದು ಬಾರ್ತೊಲೊಮೆಯೊ ಸೂಚಿಸಿದನು. ಸೂಚಿಸಿ ಇವರ ಉತ್ತರಕ್ಕೆ ಕಾಯದೆ ತಾನೇ ಕಾಲಿಟ್ಟನು. ಉಳಿದಿಬ್ಬರೂ ಅವನ ಹೆಜ್ಜೆಯಲ್ಲಿ ಹೆಜ್ಜೆಯಿಟ್ಟು ದಾಟಿದರು. ಕಾಲುಗಳಿಗೆ ಶಾಖ ತಗಲಿದುದರ ಹೊರತು ಬೇರೆ ತೊಂದರೆಯಾಗಲಿಲ್ಲ. ಹರಿಯುವ ಲಾವಾರಸದ ಕೆನೆಯು ಮನುಷ್ಯನ ಭಾರವನ್ನು ತಡೆಯಬಲ್ಲುದೆಂಬ ವಿಷಯವು ರಾಯಲ್ ಸೊಸೈಟಿಯ ಪುಟಗಳನ್ನು ಸೇರಿದುದು ಈ ಒಕ್ಕಣ್ಣನ ಧೈರ್ಯದಿಂದ.

ಹ್ಯಾಮಿಲ್ಟನ್ನನಿಗೆ ಇನ್ನೊಬ್ಬ ಸಹಾಯಕನಿದ್ದನು. ಹರ್ಕುಲೇನಿಯಮ್ಮಿನಲ್ಲಿ ಸಿಕ್ಕಿದ, ಸುಟ್ಟು ಕರಿಯಾದ ಓಲೆಯ ಸುರುಳಿಗಳನ್ನು ಬಿಚ್ಚುವ ಯಂತ್ರವನ್ನು ಕಲ್ಪಿಸಿದ ಪಾದ್ರಿ ಆಂತೊನಿಯೊ ಪಿಯಾಜ್ಜಿಯು ಬೆಟ್ಟದ ಬುಡದ ರೆಸೀನಾ ಎಂಬ ಊರಿನಲ್ಲಿ ವಾಸವಾಗಿದ್ದು, ೧೭೭೯ರಿಂದ ಮೊದಲ್ಗೊಂಡು ಎಷ್ಟೋ ವರ್ಷಗಳವರೆಗೆ ವೆಸೂವಿಯಸ್ಸಿನ ದಿನಚರಿಯನ್ನು ಚಿತ್ರಸಮೇತವಾಗಿ ಬರೆದಿಟ್ಟನು. ರೋಗಿಯ ನಾಡಿಯನ್ನು ವೈದ್ಯನು ನಿತ್ಯವೂ ಹಿಡಿದು ನೋಡುವಂತೆ ಬೆಟ್ಟವನ್ನು ನಿತ್ಯವೂ ನೋಡುವ ಕ್ರಮಕ್ಕೆ ಇದು ಆರಂಭವೆನ್ನಬಹುದು. ೧೭೯೪ರ ಜೂನಿನಲ್ಲಿ ಲಾವಾರಸವು ತೋರೆ ದೆಲ್ ಗ್ರೇಕೋ ಪಟ್ಟಣದ ಮೇಲೆ ಹರಿದಾಗ ಹ್ಯಾಮಿಲ್ಟನ್ನನಿಗೆ ಅರುವತ್ತಮೂರು ವರ್ಷ. ಆದರೂ ಸ್ಫೋಟವು ತಣಿಯುತ್ತಲೇ ಹಳೆಯ ಬಾರ್ತೊಲೊಮೆಯೋವನ್ನು ಕರೆದುಕೊಂಡು ಮತ್ತೆ ಬೆಟ್ಟದ ಮೇಲಿದ್ದನು.

ಇದೇ ಕಾಲದಲ್ಲಿ, ೧೭೮೭ರ ಮಾರ್ಚಿಯಲ್ಲಿ, ಜರ್ಮನಿಯ ಮಹಾಕವಿ ಗಯಟೆಯು ನೇಪಲ್ಸಿಗೆ ಬಂದು ಒಂದೇ ತಿಂಗಳಲ್ಲಿ ಮೂರು ಸಲ ವೆಸೂವಿಯಸ್ಸನ್ನು ಏರಿದನು. ಎರಡನೆಯ ಸಲ, ೬ನೆಯ ತಾರೀಖಿನಂದು, ಟಿಷ್‌ಬೈನ್ ಎಂಬ ಚಿತ್ರಕಾರ ಮಿತ್ರನೂ ಜೊತೆಗಿದ್ದನು. ಕುಂಡದ ಬುಡದ ಏರಿನಲ್ಲಿ ಬೂದಿಯು ಹೆಜ್ಜೆಯಿಟ್ಟಂತೆಲ್ಲ ಕುಸಿಯುವುದು; ಎರಡು ಹೆಜ್ಜೆ ಮೇಲಕ್ಕಿಟ್ಟರೆ ಒಂದು ಹೆಜ್ಜೆ ಕೆಳಕ್ಕೆ ಜಾರುವುದು. ಅಲ್ಲಿಯ ಮಾರ್ಗದರ್ಶಿಗಳು ಸೊಂಟಕ್ಕೆ ತೊಗಲಿನ ಪಟ್ಟಿಯನ್ನು ಕಟ್ಟಿಕೊಂಡಿರುವರು. ಪ್ರಯಾಣಿಕನು ಅದನ್ನು ಒಂದು ಕೈಯಿಂದ ಹಿಡಿದು ಇನ್ನೊಂದು ಕೈಯ ಕೋಲನ್ನೂರಿಕೊಂಡು ಎಳೆಯಿಸಿಕೊಳ್ಳುವನು. ಗಯಟೆಗೆ ಒಬ್ಬ ವಯಸ್ಸಾದವನೂ ಟಿಷ್‌ಬೈನನಿಗೆ ಒಬ್ಬ ಹರೆಯದವನೂ ದೊರೆತರು. ರೂಪದಲ್ಲಿಯೇ ಜೀವವನ್ನಿಟ್ಟುಕೊಂಡಿದ್ದ ಚಿತ್ರಕಾರನಿಗೆ ಆ ಆಕಾರಗೆಟ್ಟ ರಾಶಿಗಳು ಸ್ವಲ್ಪವೂ ಹಿಡಿಸಲಿಲ್ಲ. ಗಯಟೆಯು ಕುಂಡದ ಬಾಯನ್ನೇ ಕಾಣಬೇಕೆಂದನು. ಕುಂಡವಾದರೋ ಆಗಾಗ ಗುಡುಗಿ ಕಲ್ಲುಗಳನ್ನು ಎಸೆಯುತ್ತಿದ್ದಿತು. ಒಂದು ಸಿಡಿತಕ್ಕೂ ಮತ್ತೊಂದಕ್ಕೂ ನಡುವೆ ಇರುವ ಬಿಡುವನ್ನು ಎಣಿಸಿ ನೋಡಿ, ಆ ಬಿಡುವಿನಲ್ಲಿ ಹೋಗಿ ಬರಬಹುದೆಂದು ಹರೆಯದವನು ಒಪ್ಪಿದನು. ಟೋಪಿಗಳೊಳಗೆ ಬಟ್ಟೆಯನ್ನು ತುರುಕಿಕೊಂಡು, ಗಯಟೆಯು ಅವನ ನಡುಪಟ್ಟಿಯನ್ನು ಹಿಡಿದು, ಇಬ್ಬರೂ ಓಡಿದರು. ಅಂಚಿನಲ್ಲಿ ನಿಂತಾಗ ಹೊಗೆಯು ಒಳಭಾಗವನ್ನು ಮರೆಮಾಡಿದ್ದಿತು. ಅದು ಸರಿದೀತೆಂದು ಕಾದು ನಿಂತು ಎಣಿಕೆಯನ್ನು ಮರೆತರು. ಒಡನೆಯೇ ಗುಡುಗು, ಕಲ್ಲುಗಳು ತಲೆಯ ಮೇಲೆ ಹಾದುವು. ಟೋಪಿಯ ಮೇಲೂ ಹೆಗಲ ಮೇಲೂ ಬೂದಿಯನ್ನು ಹೊತ್ತು, ಜೀವವುಳಿದುದಕ್ಕೆ ನಗುತ್ತ ಇಬ್ಬರೂ ಕೆಳಗೆ ಬಂದರು. ಕವಿಯ ಪ್ರಾಣವು ಆ ಕ್ಷಣದಲ್ಲಿ ಒಂದು ತೊಗಲಿನ ಪಟ್ಟಿಗೆ ಜೋತುಬಿದ್ದಿದ್ದಿತು. ಪಟ್ಟಿಯ ಒಡೆಯನ ಹೆಸರು ಇಲ್ಲಿಯೂ ಇಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಬೆಟ್ಟವನ್ನು ಹತ್ತಿಸುವುದು ರೆಸೀನಾ ಊರಿನವರಿಗೆ ಕುಲಕಸುಬಿನಂತೆ ಆಯಿತು. ಹೇಸರಗತ್ತೆಗಳನ್ನೂ ಕತ್ತೆಗಳನ್ನೂ ಬಾಡಿಗೆಗೆ ಕೊಡುವವರು, ಕೋಲು ಮಾರುವವರು, ಪಂಜು ಹಿಡಿಯುವವರು, ಪಟ್ಟಿಯಿಂದ ಎಳೆಯುವವರು, ಹಿಂದಿನಿಂದ ನೂಕುವವರು, ನಡೆಯಲಾರದವರನ್ನು ಕುರ್ಚಿಯಲ್ಲಿ ಕೂರಿಸಿ ಹೆಗಲ ಮೇಲೆ ಹೊರುವ ಬೋಯಿಗಳು, ಹೀಗೆ ಅವರಲ್ಲಿ ಹಲವು ಪಂಗಡಗಳು. ದಾರಿಯಲ್ಲಿ ಒಬ್ಬ ಸಂನ್ಯಾಸಿಯ ಕುಟೀರವಿದ್ದಿತು. ಅಲ್ಲಿ ದೇವರ ಧ್ಯಾನಕ್ಕಿಂತ ದ್ರಾಕ್ಷಾಮದ್ಯದ ಮಾರಾಟವೇ ಹೆಚ್ಚೆಂದು ಹಾಸ್ಯಮಾಡದ ಪ್ರವಾಸಿಯಿಲ್ಲ. ಬಿಸಿ ಬೂದಿಯಲ್ಲಿ ಮೊಟ್ಟೆಗಳನ್ನು ಬೇಯಿಸಿ ಕೊಡುತ್ತಿದ್ದರು. ಮೆತ್ತಗಿರುವ ಲಾವಾರಸದಲ್ಲಿ ನಾಣ್ಯವನ್ನೊತ್ತಿ ನೆನಪಿನ ವಸ್ತುವೆಂದು ಮಾರುತ್ತಿದ್ದರು. ಇವರು ಹಣಕ್ಕಾಗಿ ಪೀಡಿಸುವರೆಂದು ಬಹುಮಂದಿ ದೂರಿದ್ದಾರೆ. ದೂರಿನಲ್ಲಿ ಸತ್ಯವಿಲ್ಲದೆ ಇಲ್ಲ. ಆದರೆ ದ್ರಾಕ್ಷಿತೋಟವು ಯಾವ ವರ್ಷ ಲಾವಾರಸದ ಪಾಲಾದೀತೋ ಎಂದು ಬಾಳುವವನು, ಅದೇ ಲಾವಾರಸವನ್ನು ತೋರಿಸಿ ನಾಲ್ಕು ಕಾಸು ಸಂಪಾದಿಸಲು ಆತುರಪಟ್ಟರೆ ತಪ್ಪೆಣಿಸುವುದು ಸುಲಭವಲ್ಲ.

೧೮೪೫ರ ಫೆಬ್ರವರಿಯಲ್ಲಿ ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸನು ಹೋದಾಗ ಏರೆಲ್ಲ ಹಿಮದಿಂದ ಮುಚ್ಚಿ ಗಾಜಿನಂತೆ ಜಾರುತ್ತಿದ್ದಿತು. ಹೆಂಗಸರನ್ನೂ ನೇಪಲ್ಸಿನ ಒಬ್ಬ ಸ್ಥೂಲಕಾಯರನ್ನೂ ಡೋಲಿಗಳಲ್ಲಿ ಹೊತ್ತು ಬೆಳುದಿಂಗಳಿನಲ್ಲಿ ಮೇಲೇರಿಸಿದರು. ಡಿಕನ್ಸನು ಮುಖ್ಯ ಮಾರ್ಗದರ್ಶಿಯ ಕೂಗಾಟವನ್ನು ಲೆಕ್ಕಿಸದೆ ಕುಂಡದ ಅಂಚಿನವರೆಗೆ ತೆವಳಿ, ಬಟ್ಟೆಯನ್ನು ಅಲ್ಲಲ್ಲಿ ಸುಟ್ಟುಕೊಂಡು ಹಿಂದಿರುಗಿದನು. ಇಳಿಯುವಾಗ ಮೂವರು ಕಾಲುಜಾರಿ ಆ ಕತ್ತಲೆಯ ಇಳಿಜಾರಿನಲ್ಲಿ ಉರುಳಿಹೋದರು. ಒಬ್ಬನು ಅತಿಥಿ, ಉಳಿದಿಬ್ಬರು ಜೊತೆಗೆ ಬಂದಿದ್ದ ಒಬ್ಬ ಮನುಷ್ಯ ಮತ್ತು ಒಬ್ಬ ಹುಡುಗ. ಹುಡುಗನನ್ನು ತಲೆಗೆ ಬಟ್ಟೆ ಸುತ್ತಿ ಕುಟೀರಕ್ಕೆ ತಂದಾಗ ಉಳಿದವರು ಊಟಮಾಡುತ್ತಿದ್ದರು. ಇನ್ನೊಬ್ಬನ ಸುದ್ದಿಯು ಕೆಲವು ತಾಸುಗಳ ಮೇಲೆ ತಿಳಿಯಿತು. ಬಂಡೆಗಳ ಮೇಲೆ ಹಿಮವು ಹಾಸಿದ್ದುದರಿಂದ ಯಾರಿಗೂ ಎಲುಬು ಮುರಿದಿರಲಿಲ್ಲ. ಡಿಕನ್ಸನು ಇದನ್ನು ಬಹು ಸೊಗಸಾಗಿ ಬರೆದಿದ್ದಾನೆ. ಓದುವವರು ಊಟದ ಮೇಜಿನ ಸಂಗತಿಯನ್ನು ಗಮನಿಸದೆ ದಾಟಿಹೋಗುವರು.

ಅದೇ ೧೮೪೫ರಲ್ಲಿ ವೆಸೂವಿಯಸ್ಸಿನ ಪಕ್ಕದ ದಿಣ್ಣೆಯೊಂದರ ಮೇಲೆ, ಸುಮಾರು ೨,೦೦೦ ಅಡಿ ಎತ್ತರದಲ್ಲಿ, ವೀಕ್ಷಣಾಲಯದ ಕಟ್ಟಡವು ಉದ್ಘಾಟಿತವಾಯಿತು. ಅಗ್ನಿಪರ್ವತವೊಂದನ್ನು ನಿರಂತರವಾಗಿ ನೋಡುತ್ತಿರುವುದಕ್ಕೆಂದೇ ಕಟ್ಟಿದ ವೀಕ್ಷಣಾಲಯಗಳಲ್ಲಿ ಇದೇ ಜಗತ್ತಿಗೆ ಮೊದಲನೆಯದು. ಎರಡನೆಯ ಫರ್ಡಿನಂಡ್ ರಾಜನು ೧೮೪೧ರಲ್ಲಿ ಇದನ್ನು ಸ್ಥಾಪಿಸಿದನು. ಮೊದಲ ನಿರ್ದೇಶಕನಾದ ಮೆಲ್ಲೋನಿಯನ್ನು ಅವನ ಉದಾರ ರಾಜಕೀಯ ವಿಚಾರಗಳಿಗಾಗಿ ತೆಗೆದುಹಾಕಿದವನೂ ಆ ರಾಜನೇ. ಆಮೇಲೆ ಬಂದ ಲುಯಿಜಿ ಪಾಲ್ಮಿಯೇರಿಯು ೧೮೫೬ರಲ್ಲಿ ಪಾದರಸ ತುಂಬಿದ ಕೊಳವೆಗಳಿಂದಲೂ ವಿದ್ಯುತ್ತಿನಿಂದಲೂ ಕೆಲಸಮಾಡುವ ಭೂಕಂಪಮಾಪಕವನ್ನು ನಿರ್ಮಿಸಿದನು. ಮನುಷ್ಯನ ಕಾಲಿಗೆ ತಿಳಿಯದ ನಡುಕವನ್ನೂ ಈ ಯಂತ್ರವು ಕಾಗದದ ಪಟ್ಟಿಯ ಮೇಲೆ ಗುರುತುಮಾಡುತ್ತಿದ್ದಿತು. ಸ್ಫೋಟಕ್ಕೆ ಮುಂಚೆ ಬೆಟ್ಟದೊಳಗಿನ ಇಂತಹ ನಡುಕಗಳು ಹೆಚ್ಚುವುವೆಂಬುದನ್ನು ಅವನು ಕಂಡುಕೊಂಡನು.

ಶಿಖರದ ಹಾದಿಯಲ್ಲಿ ನಡೆದ ಘೋರವಾದ ದುರಂತವು ಈ ವೀಕ್ಷಣಾಲಯದ ಕಣ್ಣೆದುರಿಗೇ ನಡೆಯಿತು. ೧೮೭೨ರ ಏಪ್ರಿಲ್ ೨೪ರಂದು ಲಾವಾರಸವು ಹರಿಯತೊಡಗಿ, ನೇಪಲ್ಸಿನ ಜನರು ತಂಡತಂಡವಾಗಿ ರಾತ್ರಿಯ ಹೊತ್ತು ನೋಡಲು ಬಂದರು. ಅವರಲ್ಲಿ ವೈದ್ಯವಿದ್ಯಾರ್ಥಿಗಳಾದ ತರುಣರೂ ಇದ್ದರು. ೨೬ರ ಬೆಳಗಿನ ಜಾವದಲ್ಲಿ ಅವರೆಲ್ಲರೂ ಕುದುರೆಯಂಗಳದಲ್ಲಿ ನಿಂತಿದ್ದಾಗ ಬೆಟ್ಟದ ವಾಯವ್ಯ ಪಾರ್ಶ್ವವು ಮೇಲಿನಿಂದ ಕೆಳಗಿನವರೆಗೂ ಸೀಳಿ, ಲಾವಾರಸವು ಅಂಗಳಕ್ಕೇ ನುಗ್ಗಿತು. ಸುಡುವ ಆವಿಯಲ್ಲಿ ಸಿಕ್ಕಿದವರಲ್ಲಿ ಅನೇಕರು ಅಲ್ಲಿಯೇ ಸತ್ತರು. ಕೆಲವರ ದೇಹಗಳು ಲಾವಾರಸದಡಿಯಲ್ಲಿ ಹೋದುವು. ಅದೇ ಹೊನಲು ಮುಂದೆ ಹರಿದು ಮಸ್ಸ ಮತ್ತು ಸಾನ್ ಸೆಬಸ್ತಿಯಾನೋ ಎಂಬ ಊರುಗಳ ಮನೆಗಳನ್ನು ನುಂಗಿತು. ವೀಕ್ಷಣಾಲಯದ ದಿಣ್ಣೆಯ ಎರಡು ಪಕ್ಕಗಳಲ್ಲಿಯೂ ಲಾವಾರಸವು ಹರಿದರೂ ಅರುವತ್ತೈದು ವರ್ಷದ ಪಾಲ್ಮಿಯೇರಿಯು ಕೆಳಗಿಳಿಯದೆ ಯಂತ್ರಗಳ ಮುಂದೆ ಕುಳಿತು ಸ್ಫೋಟದ ಸಮಗ್ರ ವೃತ್ತಾಂತವನ್ನು ಬರೆದಿಟ್ಟನು.

ಎಂಟು ವರ್ಷಗಳ ಮೇಲೆ, ೧೮೮೦ರ ಜೂನಿನಲ್ಲಿ, ಆ ಕಡಿದಾದ ಬೂದಿಯ ಏರಿನ ಮೇಲೆ ಉಕ್ಕಿನ ಹಗ್ಗದಿಂದ ಎಳೆಯುವ ರೈಲುಬಂಡಿಯು ಓಡಿತು. ಬಂಡಿಗಳು ಎರಡು, ಒಂದಕ್ಕೆ ವೆಸೂವಿಯೋ ಎಂದೂ ಇನ್ನೊಂದಕ್ಕೆ ಎಟ್ನಾ ಎಂದೂ ಹೆಸರು. ಒಂದು ಏರಿದಂತೆ ಇನ್ನೊಂದು ಇಳಿಯುವುದು. ಗಂಟೆಗೂ ಮಿಕ್ಕಿದ ಆಯಾಸದ ದಾರಿಯು ಹತ್ತು ಹನ್ನೆರಡು ನಿಮಿಷಗಳದಾಯಿತು. ಜನರು ಮೊದಲು ಹೆದರಿದರು. ಆ ವರ್ಷ ಪೆಪ್ಪಿನೊ ತುರ್ಕೊ ಬರೆದು ಲುಯಿಜಿ ದೆನ್ಜಾ ರಾಗಹಾಕಿದ ‘ಫುನಿಕುಲಿ ಫುನಿಕುಲಾ’ ಎಂಬ ಹಾಡು ಈ ಬಂಡಿಯನ್ನು ಕುರಿತದ್ದೇ. ಅದು ದೇಶದೇಶಗಳಲ್ಲಿ ಹಬ್ಬಿತು. ಹಾಡನ್ನು ಕೇಳಿ ನಲಿದವರಿಗೆ ರೆಸೀನಾದ ಪಟ್ಟಿಗಾರರ ನೆನಪಾಗಿರಲಾರದು. ಬೋಯಿಗಳ ಹೆಗಲಿಗೂ ಮಾರ್ಗದರ್ಶಿಗಳ ಪಟ್ಟಿಗೂ ಒಮ್ಮೆಲೇ ಕೆಲಸ ತಪ್ಪಿತು. ನಷ್ಟದಲ್ಲಿದ್ದ ರೈಲನ್ನು ಪ್ರವಾಸಗಳ ವ್ಯಾಪಾರಕ್ಕೆ ಹೆಸರಾದ ಥಾಮಸ್ ಕುಕ್ ಕಂಪನಿಯು ಆ ದಶಕದ ಕೊನೆಯ ಹೊತ್ತಿಗೆ ಕೊಂಡುಕೊಂಡಾಗ ಜಗಳವು ಬಲಿಯಿತು. ತಲೆಗಿಷ್ಟು ಸುಂಕವನ್ನು ಕೊಡಬೇಕೆಂದು ಮಾರ್ಗದರ್ಶಿಗಳು ಹಟಹಿಡಿದರು. ನಿಲ್ದಾಣಕ್ಕೆ ಬೆಂಕಿಯಿಟ್ಟರು, ಹಗ್ಗವನ್ನು ಕತ್ತರಿಸಿದರು, ಬಂಡಿಯೊಂದನ್ನು ಕೆಳಕ್ಕೆ ತಳ್ಳಿದರು ಎಂದು ಆ ಕಂಪನಿಯ ಚರಿತ್ರಕಾರರು ಬರೆದಿದ್ದಾರೆ. ಕೊನೆಗೆ ಒಪ್ಪಂದವಾಯಿತು. ರೈಲಿನ ಮೇಲಣ ನಿಲ್ದಾಣದಿಂದ ಕುಂಡದ ಅಂಚಿನವರೆಗಿನ ದಾರಿಯು ಮಾರ್ಗದರ್ಶಿಗಳದೇ ಆಗಿ ಉಳಿಯಿತು. ಬೆಂಕಿಯಿಟ್ಟುದನ್ನು ಯಾರೂ ಸಮರ್ಥಿಸಲಾರರು. ಆದರೆ ಆ ಚರಿತ್ರೆಯನ್ನು ಬರೆದವರು ಒಂದೇ ಪಕ್ಷದವರೆಂಬುದನ್ನು ಮಾತ್ರ ಮರೆಯಲಾಗದು.

ಆ ಉಳಿದ ಸ್ವಲ್ಪ ದಾರಿಯೂ ಸುಲಭವಾದುದಲ್ಲ. ಬ್ರಜಿಲ್ ದೇಶದಲ್ಲಿ ರಾಜತ್ವವನ್ನು ಕಿತ್ತು ಪ್ರಜಾಪ್ರಭುತ್ವವನ್ನು ಸ್ಥಾಪಿಸಲು ಹೋರಾಡಿದ ವಾಗ್ಮಿ ಸಿಲ್ವ ಜಾರ್ದಿಮ್ ಎಂಬವನು ಸ್ವದೇಶದ ರಾಜಕೀಯದಿಂದ ಬೇಸತ್ತು ಯೂರೋಪಿನಲ್ಲಿ ಸಂಚರಿಸುತ್ತ, ೧೮೯೧ರ ಜುಲೈ ೧ರಂದು ಇಲ್ಲಿಗೆ ಬಂದನು. ಕುಂಡದ ಸಮೀಪದಲ್ಲಿ ನೆಲವು ಬಾಯ್ದೆರೆದು ಅವನನ್ನು ನುಂಗಿತು. ವಯಸ್ಸು ಮೂವತ್ತು; ದೇಹವು ಸಿಕ್ಕಲಿಲ್ಲ. ರಿಯೋ ಪ್ರಾಂತದ ಒಂದು ಊರಿಗೆ ಅವನ ಹೆಸರನ್ನಿಟ್ಟಿದ್ದಾರೆ.

೧೯೦೬ರ ಏಪ್ರಿಲ್ ಸ್ಫೋಟವು ಆ ರೈಲನ್ನೂ ಶಿಖರದ ಐದು ನೂರು ಅಡಿಗಿಂತ ಹೆಚ್ಚಿನ ಭಾಗವನ್ನೂ ಹಾರಿಸಿಬಿಟ್ಟಿತು. ಸಾನ್ ಜುಸೆಪ್ಪೆ ಎಂಬ ಊರಿನಲ್ಲಿ ಪ್ರಾರ್ಥನೆಗೆಂದು ಚರ್ಚಿನಲ್ಲಿ ಸೇರಿದ್ದ ನೂರಕ್ಕೂ ಹೆಚ್ಚು ಮಂದಿ, ಬೂದಿಯ ಭಾರಕ್ಕೆ ಚಾವಣಿ ಕುಸಿದು ಸತ್ತರು. ವೀಕ್ಷಣಾಲಯದಲ್ಲಿ ಆಗ ನಿರ್ದೇಶಕನಾಗಿದ್ದವನು ಮತ್ತೇವುಚ್ಚಿ; ಅವನಿಗೆ ಸಂಬಳವಿಲ್ಲದ ಸಹಾಯಕನಾಗಿ ಫ್ರಾಂಕ್ ಪೆರೆಟ್ ಎಂಬ ಅಮೆರಿಕದ ವಿದ್ಯುದ್ಯಂತ್ರಜ್ಞನಿದ್ದನು. ಆರೋಗ್ಯ ಕೆಟ್ಟು ಹವಾಬದಲಾವಣೆಗೆಂದು ನೇಪಲ್ಸಿಗೆ ಬಂದ ಈತನಿಗೆ ಬೆಟ್ಟದ ಹುಚ್ಚು ಹಿಡಿದಿದ್ದಿತು. ಸ್ಫೋಟಕ್ಕೆ ಮುಂಚೆ ಒಂದು ರಾತ್ರಿ ವೀಕ್ಷಣಾಲಯದಲ್ಲಿ ಮಲಗಿದ್ದಾಗ ಎಲ್ಲಿಂದಲೋ ಗುಂಯ್‌ಗುಡುವ ಸದ್ದು ಕೇಳಿದಂತೆ ತೋರಿ, ಅದು ನಿಜವೋ ಭ್ರಮೆಯೋ ಎಂದು ಪರೀಕ್ಷಿಸಲು ತನ್ನ ಮೇಲ್ದವಡೆಯ ಹಲ್ಲುಗಳನ್ನು ಕಬ್ಬಿಣದ ಮಂಚಕ್ಕೆ ಒತ್ತಿಹಿಡಿದನು. ಬೆಟ್ಟದೊಳಗಿನ ನಿರಂತರವಾದ ಕಂಪನವು ಹಲ್ಲಿನಿಂದ ತಲೆಗೆ ಸ್ಪಷ್ಟವಾಗಿ ಹರಿಯಿತು. ಹ್ಯಾಮಿಲ್ಟನ್ನನು ಪಾದಗಳಿಂದ ಅರಿತುದನ್ನು ಇವನು ಹಲ್ಲುಗಳಿಂದ ಅರಿತನೆನ್ನಬಹುದು. ಸ್ಫೋಟದ ದಿನಗಳಲ್ಲಿ ಇಬ್ಬರೂ ಬೂದಿಯ ಮಳೆಯಲ್ಲಿ ವೀಕ್ಷಣಾಲಯವನ್ನು ಬಿಡದೆ ನಿಂತರು. ಮತ್ತೇವುಚ್ಚಿಯು ಮೂರು ವರ್ಷಗಳಲ್ಲಿ ತೀರಿಕೊಂಡನು. ಪೆರೆಟ್ಟನ ದೊಡ್ಡ ಗ್ರಂಥವು ೧೯೨೪ರಲ್ಲಿ ಪ್ರಕಟವಾಯಿತು.

ಕೊನೆಯ ಸ್ಫೋಟವು ೧೯೪೪ರ ಮಾರ್ಚಿಯಲ್ಲಿ, ಎರಡನೆಯ ಮಹಾಯುದ್ಧದ ನಡುವೆ ಆಯಿತು. ವೀಕ್ಷಣಾಲಯವು ಸೈನಿಕರಿಂದ ತುಂಬಿದ್ದರೂ ನಿರ್ದೇಶಕ ಜುಸೆಪ್ಪೆ ಇಂಬೋ ತನ್ನ ಯಂತ್ರಗಳನ್ನು ಬಿಟ್ಟುಹೋಗಲಿಲ್ಲ. ಸಾನ್ ಸೆಬಸ್ತಿಯಾನೋ ಮತ್ತೊಮ್ಮೆ ಲಾವಾರಸಕ್ಕೆ ಆಹುತಿಯಾಯಿತು. ಬೆಟ್ಟದ ಪೂರ್ವಕ್ಕೆ ನಿಲ್ಲಿಸಿದ್ದ ಅಮೆರಿಕದ ಸುಮಾರು ಎಂಬತ್ತು ಬಾಂಬುವಿಮಾನಗಳನ್ನು ಬೂದಿಯು ಹಾಳುಮಾಡಿತು. ೧೯೦೯ರಲ್ಲಿ ಮತ್ತೆ ಕಟ್ಟಿದ್ದ ಹಗ್ಗದ ರೈಲೂ ಹೋಯಿತು. ಅಂದಿನಿಂದ ವೆಸೂವಿಯಸ್ ಮೌನವಾಗಿದೆ. ಶಾಸ್ತ್ರಜ್ಞರು ಈ ಮೌನವನ್ನು ನಂಬುವುದಿಲ್ಲ. ಅಪಾಯದ ವಲಯದಲ್ಲಿ ಇಂದು ಸುಮಾರು ಏಳು ಲಕ್ಷ ಜನರು ವಾಸಿಸುತ್ತಾರೆ. ಬೆಟ್ಟದ ಮೇಲೆಲ್ಲ ನೆಟ್ಟಿರುವ ಯಂತ್ರಗಳ ಸಂಕೇತಗಳನ್ನು ನೇಪಲ್ಸ್ ನಗರದ ಒಂದು ಕೊಠಡಿಯಲ್ಲಿ ಹಗಲಿರುಳೂ ಯಾರಾದರೊಬ್ಬರು ನೋಡುತ್ತಿರುತ್ತಾರೆ. ಹಳೆಯ ವೀಕ್ಷಣಾಲಯವು ವಸ್ತುಸಂಗ್ರಹಾಲಯವಾಗಿದೆ.

೧೯೯೫ರಲ್ಲಿ ಬೆಟ್ಟವು ರಾಷ್ಟ್ರೀಯ ಉದ್ಯಾನವಾಯಿತು. ಮೋಟಾರು ರಸ್ತೆಯು ಸುಮಾರು ೩,೩೦೦ ಅಡಿಯ ಎತ್ತರದವರೆಗೆ ಹೋಗುವುದು. ಅಲ್ಲಿಂದ ಮುಂದೆ ಕೆಂಪು ಬೂದಿಯ ಅಗಲವಾದ ಕಾಲುದಾರಿ. ಹಿಂದೆ ಹೊಗೆಯೂ ಬೆಂಕಿಯೂ ಇದ್ದ ಕುಂಡವು ಈಗ ಸುಮಾರು ಸಾವಿರ ಅಡಿ ಆಳದ ಬರಿದಾದ ಹಳ್ಳ. ಗೋಡೆಯ ಬಿರುಕುಗಳಲ್ಲಿ ಅಲ್ಲಲ್ಲಿ ಬಿಳಿಯ ಆವಿಯು ಮೇಲೇಳುವುದು. ತೊಗಲಿನ ಪಟ್ಟಿಯನ್ನು ಕಟ್ಟಿಕೊಂಡವರು ಇಲ್ಲ. ಆದರೆ ಕಾಲುದಾರಿಯ ಬಾಗಿಲಲ್ಲಿ ನಡೆಯುವವರ ಕೈಗೆ ಊರುಗೋಲನ್ನು ಕೊಟ್ಟು ಕಳುಹಿಸುವ ಬುಡದ ಊರಿನವರನ್ನು ಈಚಿನ ಪ್ರವಾಸಿಗಳೂ ಕಂಡಿದ್ದಾರೆ. ಇಳಿದು ಬಂದವನು ಕೋಲನ್ನು ಹಿಂದಿರುಗಿಸಿ, ಅವರ ಕೈಯಲ್ಲಿ ಒಂದು ನಾಣ್ಯವನ್ನಿಟ್ಟು ಬಸ್ಸನ್ನು ಹತ್ತುವನು.